ಕೂಸಿನ ಹಲ್ಲೂ ನಮ್ಮ ಸಾಕ್ಷಿಯೂ



ಕವಿತಾಳದ ಸುತ್ತಣ ಹಳ್ಳಿಗಳಲ್ಲಿ ಆರೇಳು ತಿಂಗಳಿನ ಕೂಸುಳ್ಳ ಮನೆಗಳಿಗೆ ನಾವು ಹೋಗುವಾಗ ಒಂದೇ ತೆರದ ನೋಟವನ್ನು ಎಷ್ಟೋ ಸಾರಿ ಕಂಡಿದ್ದೇವೆ. ಕೂಸು ಜೊಲ್ಲು ಸುರಿಸುತ್ತಾ ಕೈಗೆ ಸಿಕ್ಕಿದ್ದನ್ನೆಲ್ಲಾ ಬಾಯಿಗಿಟ್ಟು ಕಚ್ಚುತ್ತದೆ. ರಾತ್ರಿಯಲ್ಲಿ ನಿದ್ರೆಮಾಡದೆ ಅಳುತ್ತದೆ. ಅದರ ಕೊರಳಲ್ಲಿ ಕಪ್ಪು ದಾರ, ದಾರದಲ್ಲಿ ತಾಯಿತ. ಮುಂಗೈಯಲ್ಲಿ ಬಜೆ ಬೇರಿನ ತುಂಡುಗಳನ್ನು ಪೋಣಿಸಿದ ಬಳೆ. ಗೋಡೆಯ ಗೂಡಿನಲ್ಲಿ ಗ್ರೈಪ್ ವಾಟರಿನ ಸೀಸೆ. ಅದರ ಪಕ್ಕದಲ್ಲಿ, ಗುಳೆ ಹೋಗಿದ್ದಾಗ ಬೆಂಗಳೂರಿನ ಅಂಗಡಿಯಲ್ಲಿ ಕೊಂಡುತಂದ, ಹೆಸರು ಅಳಿಸಿಹೋದ ಮಾತ್ರೆಗಳು. ಇವೆಲ್ಲಾ ಏತಕ್ಕೆಂದು ಕೇಳಿದರೆ, "ಹಲ್ಲು ಬರುತ್ತಿವೆ, ಇವುಗಳಿಂದ ಸುಲಭವಾಗಿ ಬರುವವು" ಎನ್ನುತ್ತಾರೆ. ಹಾಗೆಂದು ಯಾರು ಹೇಳಿದರೆಂದು ಕೇಳಿದರೆ, "ಎಲ್ಲರೂ ಹೇಳುತ್ತಾರೆ, ನಮ್ಮ ಹಿರಿಯ ಮಗನಿಗೂ ಇದರಿಂದಲೇ ಗುಣವಾಯಿತು" ಎನ್ನುತ್ತಾರೆ.

ಈ ಕಡೆಯ ಮಾತಿನ ಮೇಲೆಯೇ ನಾವು ಈ ತಿಂಗಳು ವಿಚಾರಮಾಡಬೇಕೆಂದಿದ್ದೇವೆ. "ಇದರಿಂದಲೇ ಗುಣವಾಯಿತು" ಎಂಬದು ಒಂದು ಸಾಕ್ಷಿ. ಸಾಕ್ಷಿ ಹೇಳುವದು ಕ್ರೈಸ್ತರಾದ ನಮಗೆ ಹೊಸದಲ್ಲ. ನಮ್ಮ ಸಭೆಗಳು ಸಾಕ್ಷಿಯಿಂದಲೇ ಹುಟ್ಟಿದವು. ಆದರೆ ಸುಳ್ಳಾಡುವ ಮನಸ್ಸು ಎಳ್ಳಷ್ಟೂ ಇಲ್ಲದವನು ಸುಳ್ಳು ಸಾಕ್ಷಿಯನ್ನು ಹೇಳಬಹುದೋ? ಪ್ರೀತಿಯಿಂದ ಕೊಟ್ಟ ಔಷಧದಿಂದ ಕೂಸಿಗೆ ಕೇಡಾದರೆ ಆ ಪ್ರೀತಿಯು ನಮ್ಮನ್ನು ನಿರ್ದೋಷಿಗಳನ್ನಾಗಿ ಮಾಡುವದೋ? ಪ್ರಶ್ನೆಯು ಇದೇ.

ಮೊದಲು ಸೃಷ್ಟಿಕರ್ತನು ನೇಮಿಸಿದ ಕ್ರಮವನ್ನು ನೋಡೋಣ. ಕೂಸಿಗೆ ಹಾಲುಹಲ್ಲುಗಳು ಇಪ್ಪತ್ತು. ಸಾಧಾರಣವಾಗಿ ಆರನೆಯ ತಿಂಗಳಿನ ಸುಮಾರಿಗೆ ಕೆಳಗಿನ ಮುಂದಿನ ಎರಡು ಹಲ್ಲುಗಳು ಮೂಡುವವು. ಕೆಲವು ಕೂಸುಗಳಿಗೆ ನಾಲ್ಕನೆಯ ತಿಂಗಳಲ್ಲಿ, ಕೆಲವಕ್ಕೆ ವರುಷ ತುಂಬುವ ಸಮಯದಲ್ಲಿ ಮೊದಲನೆಯ ಹಲ್ಲು ಬರುವದುಂಟು. ಇದರಲ್ಲಿ ಭಯಪಡತಕ್ಕದ್ದೇನೂ ಇಲ್ಲ. ಮೂರು ವರುಷ ತುಂಬುವದರೊಳಗೆ ಇಪ್ಪತ್ತೂ ಬಂದು ತೀರುವವು. ಹಲ್ಲು ಒಸಡನ್ನು ಸೀಳಿ ಬರುವಾಗ ಒಸಡು ಕೆಂಪಾಗಿ ಊದುವದು, ಜೊಲ್ಲು ಹೆಚ್ಚುವದು, ಕೂಸು ಹಟಮಾಡುವದು, ನಿದ್ರೆ ಕೆಡುವದು, ಮೈ ಸ್ವಲ್ಪ ಬೆಚ್ಚಗಾಗುವದು. ಅಮೇರಿಕಾದ ವೈದ್ಯರು 2000ನೇ ಇಸವಿಯಲ್ಲಿ ಪ್ರಕಟಿಸಿದ ಒಂದು ಪರಿಶೋಧನೆಯಲ್ಲಿ, ನೂರಕ್ಕೂ ಮಿಕ್ಕಿದ ಕೂಸುಗಳನ್ನು ತಂದೆತಾಯಿಗಳು ದಿನದಿನವೂ ನೋಡಿ ಬರೆದಿಟ್ಟರು. ಈ ತೊಂದರೆಗಳು ಹಲ್ಲು ಮೂಡುವದಕ್ಕೆ ಮುಂಚೆ ನಾಲ್ಕು ದಿವಸ, ಮೂಡಿದ ದಿವಸ, ಆಮೇಲೆ ಮೂರು ದಿವಸ, ಹೀಗೆ ಎಂಟು ದಿವಸಗಳಲ್ಲಿಯೇ ಹೆಚ್ಚಾಗಿ ಕಂಡುಬಂದವು. ಅನೇಕ ಪರಿಶೋಧನೆಗಳನ್ನು ಕೂಡಿಸಿ ನೋಡಿದ ವೈದ್ಯರು 2016ರಲ್ಲಿ ಪ್ರಕಟಿಸಿದ್ದೇನಂದರೆ: ಹಲ್ಲು ಬರುವದರಿಂದ ಮೈ ಕೊಂಚ ಬಿಸಿಯಾಗಬಹುದು, ಆದರೆ ನಿಜವಾದ ಜ್ವರವು ಹಲ್ಲಿನಿಂದ ಬರುವದಿಲ್ಲ.

ಹಾಗಾದರೆ ಎಷ್ಟೋ ಕೂಸುಗಳಿಗೆ ಅದೇ ಕಾಲದಲ್ಲಿ ಜ್ವರವೂ ಭೇದಿಯೂ ಆಗುವದೇಕೆ? ಕಾರಣ ದೂರದಲ್ಲಿಲ್ಲ. ತಾಯಿಯ ಗರ್ಭದಲ್ಲಿರುವಾಗ ಅವಳಿಂದ ಹೊಂದಿದ ರೋಗನಿರೋಧಕ ಶಕ್ತಿಯು ಆರನೆಯ ತಿಂಗಳಿನ ಹೊತ್ತಿಗೆ ಕುಂದುವದು. ಅದೇ ಸಮಯದಲ್ಲಿ ಕೂಸು ಅಂಬೆಗಾಲಿಡುವದನ್ನು ಕಲಿತು ನೆಲದ ಮೇಲಿನದನ್ನೆಲ್ಲಾ ಬಾಯಿಗೆ ಹಾಕಿಕೊಳ್ಳುವದು. ಅದೇ ಸಮಯದಲ್ಲಿ ಅದಕ್ಕೆ ಗಂಜಿ, ಅನ್ನ, ನೀರು ಕೊಡಲಾರಂಭಿಸುವರು. ಹಲ್ಲೂ ರೋಗವೂ ಒಂದೇ ಬಾಗಿಲಿಗೆ ಒಂದೇ ಕಾಲದಲ್ಲಿ ಬಂದು ನಿಲ್ಲುವವು. ಆದರೆ ಒಂದು ಮತ್ತೊಂದನ್ನು ಕರೆದುಕೊಂಡು ಬಂದದ್ದಲ್ಲ.

ತನ್ನ ಕೋಳಿ ಕೂಗುವದರಿಂದಲೇ ಊರಿಗೆ ಬೆಳಗಾಗುವದೆಂದು ನಂಬಿ, ಊರಿನವರ ಮೇಲೆ ಮುನಿದು ಕೋಳಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಅಡವಿಗೆ ಹೋದ ಮುದುಕಿಯ ಕಥೆಯನ್ನು ನಾವೆಲ್ಲರೂ ಬಲ್ಲೆವು. ನಾವು ಅವಳನ್ನು ನೋಡಿ ನಗುತ್ತೇವೆ. ಆದರೆ ಹಲ್ಲಿನ ನೋವು ನಾಲ್ಕೆಂಟು ದಿವಸಗಳಲ್ಲಿ ತಾನಾಗಿಯೇ ಹೋಗತಕ್ಕದ್ದು. ನೋವು ಹೆಚ್ಚಾದ ದಿವಸವೇ ತಾಯಿ ಔಷಧವನ್ನು ಹುಡುಕುವಳು, ಅಷ್ಟರಲ್ಲಿ ಹಲ್ಲು ಹೊರಗೆ ಬಂದಿರುವದು, ಕೂಸು ನಗುವದು. ಆ ದಿವಸ ತಾಯಿತವನ್ನು ಕಟ್ಟಿದ್ದರೆ ತಾಯಿತಕ್ಕೆ ಹೊಗಳಿಕೆ. ಮಾತ್ರೆಯನ್ನು ಕೊಟ್ಟಿದ್ದರೆ ಮಾತ್ರೆಗೆ ಹೊಗಳಿಕೆ. ಏನೂ ಮಾಡದೆ ಇದ್ದಿದ್ದರೂ ಹಲ್ಲು ಬರುತ್ತಿತ್ತು. ತಾನಾಗಿ ಹೋಗುವ ನೋವಿಗೆ ಕೊಟ್ಟ ಯಾವ ಔಷಧವೂ ಸೋಲುವದಿಲ್ಲ. ಆದಕಾರಣ "ಇದರಿಂದಲೇ ಗುಣವಾಯಿತು" ಎನ್ನುವವನು ಕಂಡದ್ದನ್ನು ಹೇಳುವದಿಲ್ಲ. "ಕೊಟ್ಟೆವು, ಆಮೇಲೆ ಗುಣವಾಯಿತು" ಎಂಬಷ್ಟೇ ಅವನು ಕಂಡದ್ದು. ಉಳಿದದ್ದನ್ನು ತಾನಾಗಿ ಕೂಡಿಸಿದನು.

ಇದರಿಂದ ನಷ್ಟವೇನು, ಮನೆಯವರಿಗೆ ಸಮಾಧಾನವಾದರೆ ಸಾಲದೋ ಎಂದು ಯಾರಾದರೂ ಕೇಳಬಹುದು. ಆ ಸಮಾಧಾನದ ಬೆಲೆಯನ್ನು ಕೂಸು ತನ್ನ ಮೈಯಲ್ಲಿ ತೆತ್ತದ್ದುಂಟು. ಇದು ಓದುಬಾರದ ಹಳ್ಳಿಗರ ತಪ್ಪು ಮಾತ್ರವೆಂದು ಪಟ್ಟಣದವರು ಭಾವಿಸಬಾರದು. ಹದಿನಾರನೆಯ ಶತಮಾನದಿಂದ ಯೂರೋಪಿನ ಪ್ರಸಿದ್ಧ ಶಸ್ತ್ರವೈದ್ಯರು ಹಲ್ಲು ಬರುವ ಕೂಸಿನ ಒಸಡನ್ನು ಕತ್ತಿಯಿಂದ ಕೊಯ್ಯುತ್ತಿದ್ದರು. ಅಮೇರಿಕಾದಲ್ಲಿ 1849ರಿಂದ ಮಾರಲ್ಪಟ್ಟ ಮಿಸೆಸ್ ವಿನ್ಸ್ಲೋ ಎಂಬವಳ ಹೆಸರಿನ ಸಿರಪ್ಪು ಹಲ್ಲು ಬರುವ ಕೂಸುಗಳನ್ನು ಸುಮ್ಮನಿರಿಸಿತು. ಯಾಕಂದರೆ ಅದರೊಳಗೆ ಅಫೀಮಿನಿಂದ ತೆಗೆದ ಮಾರ್ಫಿನ್ ಇತ್ತು. ಸುಮ್ಮನಾದ ಕೂಸುಗಳಲ್ಲಿ ಕೆಲವು ಮತ್ತೆ ಎಚ್ಚರವಾಗಲೇ ಇಲ್ಲ. ಸೀಸೆಯಲ್ಲಿ ಏನಿದೆಯೆಂದು ಮೇಲೆ ಬರೆಯಬೇಕೆಂಬ ಕಾನೂನು ಆ ದೇಶದಲ್ಲಿ ಆದದ್ದು 1906ರಲ್ಲಿ.

ಇಂಗ್ಲೆಂಡು ಆಸ್ಟ್ರೇಲಿಯಾಗಳಲ್ಲಿ ಹಲ್ಲಿನ ಪುಡಿಯೆಂದು ಕೂಸುಗಳಿಗೆ ಕೊಡುತ್ತಿದ್ದದ್ದರಲ್ಲಿ ಪಾದರಸವು ಬೆರೆದಿತ್ತು. ಅದನ್ನು ತಿಂದ ಕೆಲವು ಕೂಸುಗಳ ಕೈಕಾಲುಗಳು ಕೆಂಪಾಗಿ ಊದಿ ಚರ್ಮ ಸುಲಿದವು; ಅವು ಬೆಳಕನ್ನು ನೋಡಲಾರದೆ ಸೊರಗಿದವು; ಕೆಲವಕ್ಕೆ ಬಂದ ಹಲ್ಲುಗಳೂ ಉದುರಿಹೋದವು. ಹಲ್ಲಿಗೋಸ್ಕರ ಕೊಟ್ಟದ್ದು ಹಲ್ಲನ್ನೇ ಕಿತ್ತುಕೊಂಡಿತು. ಈ ವ್ಯಾಧಿಯ ಕಾರಣವು ಬಹು ವರುಷ ಯಾರಿಗೂ ತಿಳಿಯಲಿಲ್ಲ, ಯಾಕಂದರೆ ಪುಡಿಯನ್ನು ಸಂಶಯಿಸುವದು ಯಾರ ಮನಸ್ಸಿಗೂ ಬರಲಿಲ್ಲ. ವಾರ್ಕನಿ, ಹಬ್ಬರ್ಡ್ ಎಂಬ ಅಮೇರಿಕಾದ ಪರಿಶೋಧಕರಿಬ್ಬರು ಇಂಥ ಕೂಸುಗಳ ಮೂತ್ರದಲ್ಲಿ ಪಾದರಸವಿರುವದನ್ನು 1948ರಲ್ಲಿ ಪ್ರಕಟಿಸಿದರು. 1954ರಲ್ಲಿ ಇಂಗ್ಲೆಂಡಿನ ಪುಡಿಗಳಿಂದ ಪಾದರಸವನ್ನು ತೆಗೆದುಬಿಟ್ಟರು. ವ್ಯಾಧಿಯೂ ಅದರೊಂದಿಗೆ ಹೋಯಿತು.

ಇವು ಹಳೆಯ ಕಾಲದವೆಂದು ನೆನಸಬೇಡಿರಿ. 2008ರ ಕೊನೆಯಲ್ಲಿ ನೈಜೀರಿಯಾ ದೇಶದಲ್ಲಿ "ಮೈ ಪಿಕಿನ್" ಎಂಬ ಹಲ್ಲಿನ ಔಷಧವನ್ನು ಕುಡಿದು 84 ಮಕ್ಕಳು ಸತ್ತರು. ಅದರಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷವು ಬೆರೆತು ಮಕ್ಕಳ ಮೂತ್ರಪಿಂಡಗಳನ್ನು ಕೆಡಿಸಿತು. ಆ 84 ತಾಯಂದಿರಲ್ಲಿ ಪ್ರೀತಿಯಿಲ್ಲದವಳು ಯಾವಳು? ಹಲ್ಲಿನ ನೋವಿಗೆಂದು ಮಾರುವ ಕೆಲವು ಹೋಮಿಯೋಪತಿ ಮಾತ್ರೆಗಳಲ್ಲಿ ಬೆಲ್ಲಡೋನಾ ಎಂಬ ವಿಷಗಿಡದ ಸತ್ವವು ಹೇಳಿದ್ದಕ್ಕಿಂತ ಹೆಚ್ಚಾಗಿಯೂ ಒಂದೊಂದು ಮಾತ್ರೆಗೆ ಒಂದೊಂದು ಪ್ರಮಾಣದಲ್ಲಿಯೂ ಇತ್ತೆಂದು ಅಮೇರಿಕಾದ ಔಷಧ ಇಲಾಖೆಯು 2017ರಲ್ಲಿ ಕಂಡುಹಿಡಿಯಿತು. ಒಸಡನ್ನು ಮರಗಟ್ಟಿಸುವ ಬೆಂಜೊಕೇನ್ ಎಂಬ ಮುಲಾಮನ್ನು ಹಲ್ಲಿನ ನೋವಿಗೆಂದು ಎರಡು ವರುಷದೊಳಗಿನ ಮಕ್ಕಳಿಗೆ ಹಚ್ಚಬಾರದೆಂದು ಅದೇ ಇಲಾಖೆ 2018ರಲ್ಲಿ ಎಚ್ಚರಿಸಿತು. ಅದು ರಕ್ತವು ಪ್ರಾಣವಾಯುವನ್ನು ಒಯ್ಯದಂತೆ ಮಾಡಿ ಪ್ರಾಣಕ್ಕೇ ಅಪಾಯವನ್ನು ತರಬಹುದು. ಅದೇ ವರುಷ ಹಲ್ಲಿಗೆಂದು ಕೊರಳಿಗೆ ಹಾಕುವ ಮಣಿಸರಗಳ ವಿಷಯವಾಗಿಯೂ ಎಚ್ಚರಿಕೆ ಹೊರಟಿತು. ಹದಿನೆಂಟು ತಿಂಗಳಿನ ಒಂದು ಮಗು ಮಲಗಿದ್ದಾಗ ಅಂಥ ಸರವೇ ಕೊರಳಿಗೆ ಬಿಗಿದು ಸತ್ತಿತ್ತು. ಅಮೇರಿಕಾದ ಆ ಸರಕ್ಕೂ ನಮ್ಮ ಕಪ್ಪು ದಾರಕ್ಕೂ ಕೂಸಿನ ಕೊರಳು ಯಾವ ಭೇದವನ್ನೂ ಮಾಡದು.

ನಮ್ಮ ಮನೆಗಳ ವಿಷಯಕ್ಕೆ ಬರೋಣ. ಬಜೆ ಬೇರಿನಲ್ಲಿ ಬೀಟಾ ಅಸರೋನ್ ಎಂಬ ವಿಷಾಂಶವಿರುವದುಂಟು. ಪ್ರಾಣಿಗಳಿಗೆ ತಿನ್ನಿಸಿ ನೋಡಿದಾಗ ದುರ್ಮಾಂಸದ ಗಡ್ಡೆಗಳು ಬೆಳೆದದ್ದರಿಂದ ಅಮೇರಿಕಾದಲ್ಲಿ 1968ರಲ್ಲಿ ಆ ಬೇರನ್ನು ಆಹಾರದಲ್ಲಿ ಬೆರೆಸುವದನ್ನು ನಿಷೇಧಿಸಿದರು. ಕಲ್ಲಿನ ಮೇಲೆ ಎಷ್ಟು ಸುತ್ತು ತೇಯ್ದರೆ ಎಷ್ಟು ವಿಷವೆಂಬದನ್ನು ಯಾವ ಅಜ್ಜಿಯೂ ಅಳೆಯಲಾರಳು. ವರುಷ ತುಂಬದ ಕೂಸಿಗೆ ಜೇನುತುಪ್ಪವನ್ನು ನೆಕ್ಕಿಸಬಾರದು. ಅದರಲ್ಲಿ ಇರಬಹುದಾದ ಒಂದು ತರದ ಕ್ರಿಮಿಬೀಜವು ಕೂಸಿನ ಕರುಳಲ್ಲಿ ಬೆಳೆದು ಕೈಕಾಲುಗಳ ಬಲವನ್ನೂ ಉಸಿರನ್ನೂ ಕುಂದಿಸಬಹುದು. 1851ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನಲ್ಲಿ ಹುಟ್ಟಿದ ಗ್ರೈಪ್ ವಾಟರಿನ ಮೊದಲಿನ ಪಾಕದಲ್ಲಿ ಮದ್ಯಸಾರವಿತ್ತು. ಸಾರಾಯಿಯ ವಿರೋಧವಾಗಿ ಎಷ್ಟು ಪ್ರಸಂಗಗಳನ್ನು ಮಾಡಿದ ಎಷ್ಟು ಮಂದಿ ಭಕ್ತರು ತಿಳಿಯದೆ ತಮ್ಮ ಕೂಸುಗಳಿಗೆ ಅದನ್ನು ಕುಡಿಸಿದರೋ! ಇನ್ನು ಹಟಮಾಡುವ ಕೂಸಿನ ಹೊಟ್ಟೆಯ ಮೇಲೆ ಬರೆ ಹಾಕುವ ಕ್ರೂರ ಪದ್ಧತಿಯಿಂದ ಸುಟ್ಟ ಗಾಯವಲ್ಲದೆ ಬೇರೇನೂ ದೊರೆಯದು.

ಆದರೆ ಎಲ್ಲಕ್ಕಿಂತ ದೊಡ್ಡ ಕೇಡು ಔಷಧದಲ್ಲಿಲ್ಲ, "ಹಲ್ಲು" ಎಂಬ ಮಾತಿನಲ್ಲಿಯೇ ಇದೆ. ಇಂಗ್ಲೆಂಡು ವೇಲ್ಸ್ ದೇಶಗಳಲ್ಲಿ 1839ನೇ ಇಸವಿ ಒಂದರಲ್ಲಿಯೇ 5016 ಮರಣಗಳಿಗೆ ಕಾರಣವು ಹಲ್ಲು ಬಂದದ್ದೆಂದು ಸರಕಾರದ ಲೆಕ್ಕದಲ್ಲಿ ಬರೆಯಲ್ಪಟ್ಟಿತು. ಹಲ್ಲಿನಿಂದ ಯಾವ ಕೂಸೂ ಸಾಯುವದಿಲ್ಲ. ಅವು ಜ್ವರದಿಂದ, ಭೇದಿಯಿಂದ, ಶ್ವಾಸಕೋಶದ ರೋಗದಿಂದ ಸತ್ತವು. ಹೆಸರು ಮಾತ್ರ ಹಲ್ಲಿಗೆ ಬಂತು. ತಪ್ಪು ಹೆಸರನ್ನು ಇಟ್ಟ ರೋಗಕ್ಕೆ ಸರಿಯಾದ ಚಿಕಿತ್ಸೆಯನ್ನು ಯಾರು ಹುಡುಕುವರು?

ಇಲ್ಲಿ ನಮ್ಮ ಒಂದು ತಪ್ಪನ್ನು ವಾಚಕರ ಮುಂದೆ ಅರಿಕೆಮಾಡಬೇಕಾಗಿದೆ. ಕೆಲವು ವರುಷಗಳ ಹಿಂದೆ ಬೇಸಿಗೆಯಲ್ಲಿ ನಾವು ಒಂದು ಮನೆಗೆ ಪ್ರಾರ್ಥನೆಗಾಗಿ ಹೋದೆವು. ಒಂಬತ್ತು ತಿಂಗಳಿನ ಕೂಸಿಗೆ ಎರಡು ದಿವಸಗಳಿಂದ ಭೇದಿಯಾಗುತ್ತಿತ್ತು. ಅಜ್ಜಿಯು ಬೇರನ್ನು ತೇಯುತ್ತಾ, "ಹಲ್ಲಿನ ಭೇದಿ, ಉಪದೇಶಿಯವರೇ, ಹಲ್ಲು ಬಂದರೆ ತಾನೇ ನಿಲ್ಲುವದು" ಎಂದಳು. ಕೂಸಿನ ಕಣ್ಣುಗಳು ಗುಳಿಬಿದ್ದದ್ದನ್ನೂ ತುಟಿ ಒಣಗಿದ್ದನ್ನೂ ನಾವು ಕಂಡೆವು. ಅದರ ಅರ್ಥವನ್ನು ಅರಿಯದಷ್ಟು ವಿದ್ಯೆಯಿಲ್ಲದವರಾಗಿರಲಿಲ್ಲ. ಆದರೆ ಆ ಹಿರಿಯಳು ಸಭೆಯಲ್ಲಿ ಮಾನ್ಯಳು. ನಮಗೆ ಎಷ್ಟೋ ಸಾರಿ ಅನ್ನವಿಟ್ಟವಳು. ಅವಳ ಮಾತಿಗೆ ಎದುರಾಡಲು ನಾಲಿಗೆ ಏಳಲಿಲ್ಲ. ಪ್ರಾರ್ಥಿಸಿ ಎದ್ದು ಬಂದೆವು. ಅದೇ ರಾತ್ರಿ ಕೂಸಿನ ಸೋದರಮಾವನು ಊರಿಗೆ ಬಂದು, ಯಾರ ಮಾತನ್ನೂ ಕೇಳದೆ, ಅಕ್ಕನನ್ನೂ ಕೂಸನ್ನೂ ಬಂಡಿ ಮಾಡಿಸಿ ರಾಯಚೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದನು. ನಾಲ್ಕು ದಿವಸಗಳ ಮೇಲೆ ಕೂಸು ಬದುಕಿ ಮನೆಗೆ ಬಂತು.

ಬಂದ ಭಾನುವಾರ ಅಜ್ಜಿಯು ಸಭೆಯಲ್ಲಿ ಎದ್ದುನಿಂತು, ತನ್ನ ಬೇರಿನಿಂದಲೂ ಉಪದೇಶಿಯವರ ಪ್ರಾರ್ಥನೆಯಿಂದಲೂ ಮೊಮ್ಮಗನು ಉಳಿದನೆಂದು ಕಣ್ಣೀರಿಡುತ್ತಾ ಸಾಕ್ಷಿ ಹೇಳಿದಳು. ಸಭೆಯೆಲ್ಲಾ ಸ್ತೋತ್ರ ಎಂದಿತು. ಸೋದರಮಾವನ ಹೆಸರನ್ನು ಯಾರೂ ಎತ್ತಲಿಲ್ಲ. ನಾವೂ ಎತ್ತಲಿಲ್ಲ. ಸತ್ಯವನ್ನು ಹೇಳಬೇಕಾದರೆ, ಆ ಮಾತು ನಮ್ಮ ಕಿವಿಗೆ ಇಂಪಾಗಿತ್ತು. ಕೆಲವು ತಿಂಗಳ ಮೇಲೆ ನೆರೆಮನೆಯವರು ತಮ್ಮ ಕೂಸಿಗೋಸ್ಕರ ಅದೇ ಬೇರನ್ನು ಕೇಳಿಕೊಂಡು ಆ ಮನೆಗೆ ಬಂದರು. ಅವರನ್ನು ಅಲ್ಲಿಗೆ ಕಳುಹಿಸಿದವರು ಯಾರು? ಆ ಅಜ್ಜಿಯೊಬ್ಬಳೇ ಅಲ್ಲ. ಬಾಯಿ ಮುಚ್ಚಿಕೊಂಡಿದ್ದ ನಾವೂ ಸಹ.

ಈಗ ಮೊದಲಿನ ಪ್ರಶ್ನೆಗೆ ತಿರುಗಿಕೊಳ್ಳೋಣ. ಆ ಅಜ್ಜಿಯು ಸುಳ್ಳಾಡಿದಳೋ? ಇಲ್ಲ, ಅವಳು ನಂಬಿದ್ದನ್ನೇ ಹೇಳಿದಳು. ಆದರೂ ಅವಳ ಸಾಕ್ಷಿಯು ನಿಜವಾಗಿರಲಿಲ್ಲ. ಯೋಬನ ಮಿತ್ರರನ್ನು ನೆನಪುಮಾಡಿಕೊಳ್ಳಿರಿ. ಅವರು ದುಷ್ಟರಲ್ಲ, ಏಳು ದಿವಸ ಅವನ ಸಂಗಡ ನೆಲದ ಮೇಲೆ ಕೂತು ದುಃಖಿಸಿದವರು. ಅವರ ದೋಷವೇನಂದರೆ, ತಮಗೆ ತಿಳಿಯದ ಕಾರಣವನ್ನು ತಿಳಿದವರಂತೆ ಹೇಳಿದರು. ಅದಕ್ಕೋಸ್ಕರ ದೇವರು ಅವರನ್ನು ಗದರಿಸಿ ಯಜ್ಞವನ್ನು ಅರ್ಪಿಸಹೇಳಿದನು. ಹಾಗಾದರೆ ಸುಳ್ಳು ಸಾಕ್ಷಿಯನ್ನು ನಿಷೇಧಿಸುವ ಆಜ್ಞೆಯು ಅರಿತು ಸುಳ್ಳಾಡುವವನನ್ನು ಮಾತ್ರವಲ್ಲ, ಅರಿಯದ್ದನ್ನು ಅರಿತೆನೆಂದು ಹೇಳುವವನನ್ನೂ ತಡೆಯುತ್ತದೆಂದು ನಾವು ತಿಳಿಯುತ್ತೇವೆ. ಬೇರೆಯವರ ಹೊಲದ ಗಡಿಯ ವಿಷಯದಲ್ಲಿ ಸಾಕ್ಷಿ ಹೇಳುವಾಗ, ಕಣ್ಣಾರೆ ಕಂಡದ್ದೆಷ್ಟು, ಕಿವಿಯಿಂದ ಕೇಳಿದ್ದೆಷ್ಟು ಎಂದು ಎಚ್ಚರದಿಂದ ತೂಗಿ ಮಾತಾಡುವೆವು. ಕೂಸಿನ ಪ್ರಾಣವು ಹೊಲದ ಗಡಿಗಿಂತ ಅಗ್ಗವಾದದ್ದೋ?

ಆದರೆ ದೋಷವು ಎಲ್ಲರ ಮೇಲೆಯೂ ಸಮವಾಗಿ ಬೀಳುವದಿಲ್ಲ. ಹೆಚ್ಚಾಗಿ ಹೊಂದಿದವನಿಂದ ಹೆಚ್ಚಾಗಿ ಕೇಳಲ್ಪಡುವದೆಂದು ಕರ್ತನು ಬೋಧಿಸಲಿಲ್ಲವೇ? ಗುಳೆ ಹೋದ ಊರಿನಲ್ಲಿ ಕಟ್ಟಡದ ಮರಳಿನ ಗುಡ್ಡೆಯ ಬಳಿ ಸೀರೆಯ ಜೋಳಿಗೆ ಕಟ್ಟಿ ಕೂಸನ್ನು ಮಲಗಿಸಿದ ತಾಯಿಯು, ಒಂದು ದಿವಸದ ಕೂಲಿಯನ್ನು ಬಿಟ್ಟರೆ ರಾತ್ರಿಗೆ ಅನ್ನವಿಲ್ಲವೆಂದು ಅಂಗಡಿಯವನು ಕೊಟ್ಟ ಮಾತ್ರೆಯನ್ನು ನಂಬಿದರೆ, ಅವಳ ಮೇಲೆ ನಾವು ಕಲ್ಲೆತ್ತಲಾರೆವು. ಮಾತ್ರೆಯಲ್ಲಿ ಏನಿದೆಯೆಂದು ತಿಳಿದೂ ಮಾರುವವನು ಅವಳಿಗಿಂತ ಹೆಚ್ಚು ಹೊಣೆಗಾರನು. ಕಲಿತಿದ್ದೂ ಬಾಯಿ ಮುಚ್ಚಿಕೊಂಡಿರುವ ಉಪದೇಶಿಯೂ ಶಾಲೆಯ ಉಪಾಧ್ಯಾಯನೂ ಸಭೆಯ ಹಿರಿಯನೂ ಅದೇ ಸಾಲಿನಲ್ಲಿ ನಿಲ್ಲುವರು. ಪ್ರೀತಿಯು ತಾಯಿಯನ್ನು ಕ್ಷಮೆಗೆ ಹತ್ತಿರ ಮಾಡುವದು ನಿಜ. ಆದರೆ ಅದು ಕೂಸಿನ ರಕ್ತದೊಳಗಿನ ವಿಷವನ್ನು ತೊಳೆಯುವದಿಲ್ಲ. ಪ್ರೀತಿಯು ವಿಚಾರಿಸುವ ಶ್ರಮವನ್ನೂ ಹೊರಬೇಕು. ತನ್ನ ಮಾತನ್ನು ತಾನು ಹೇಳಲಾರದ ಕೂಸಿನ ವಿಷಯದಲ್ಲಿ ಆ ಶ್ರಮವು ಇಮ್ಮಡಿಯಾಗಿರತಕ್ಕದ್ದು.

ಇನ್ನೊಂದು ಕಠಿಣವಾದ ಪ್ರಶ್ನೆ ಉಳಿದಿದೆ. ತಾಯಿತವನ್ನು ಪರಿಶೋಧಿಸಬೇಕೆಂದು ಹೇಳುವ ಉಪದೇಶಿಯು ತನ್ನ ಪ್ರಾರ್ಥನೆಯನ್ನು ಯಾಕೆ ಪರಿಶೋಧಿಸುವದಿಲ್ಲವೆಂದು ನೆರೆಯವರು ಕೇಳಬಹುದು. ಕೇಳುವದು ನ್ಯಾಯವೇ. ಪ್ರಾರ್ಥನೆಯನ್ನು ನಾವು ಹಲ್ಲಿನ ಔಷಧದಂತೆ ಹೊಗಳುವದಾದರೆ, ಅದನ್ನೂ ತಾಯಿತವನ್ನಾಗಿ ಮಾಡಿದವರು ನಾವೇ. ಪ್ರಾರ್ಥನೆಯು ಗಂಟು ಕಟ್ಟಿ ಕೊಡುವ ಮದ್ದಲ್ಲ. ಅದು ತಂದೆಯ ಮುಂದೆ ಮಕ್ಕಳ ಬಿನ್ನಹ. ಅದು ಆಸ್ಪತ್ರೆಯ ಬಾಗಿಲನ್ನು ಮುಚ್ಚುವದಿಲ್ಲ. ಆ ಬಾಗಿಲಿಗೆ ನಡೆಯುವ ಕಾಲುಗಳಿಗೆ ಬಲವನ್ನು ಕೊಡುವದು. ಆ ಸೋದರಮಾವನು ರಾತ್ರಿಯಲ್ಲಿ ಬಂಡಿ ಮಾಡಿಸಿದಾಗ ನಮ್ಮ ಪ್ರಾರ್ಥನೆಗೆ ಉತ್ತರವು ಬರುತ್ತಿತ್ತೆಂದು ಈಗ ನಮಗೆ ತೋರುತ್ತದೆ. ನಾವಾದರೋ ಅದನ್ನು ಗುರುತಿಸಲಿಲ್ಲ.

ಹಿಜ್ಕೀಯ ಅರಸನ ಚರಿತ್ರೆಯಲ್ಲಿ ಇದಕ್ಕೆ ತಕ್ಕ ಪಾಠವಿದೆ. ಮೋಶೆ ಮಾಡಿಸಿದ್ದ ತಾಮ್ರದ ಸರ್ಪವು ಒಂದು ಕಾಲದಲ್ಲಿ ಜನರಿಗೆ ಉಪಕಾರವಾಗಿತ್ತು. ಆದರೆ ಜನರು ಅದಕ್ಕೆ ಧೂಪಹಾಕಲಾರಂಭಿಸಿದಾಗ ಈ ಅರಸನು ಅದನ್ನು ಒಡೆದುಹಾಕಿದನು, ಪೂರ್ವಿಕರದೆಂದು ಉಳಿಸಲಿಲ್ಲ. ಅದೇ ಅರಸನು ಹುಣ್ಣಿನಿಂದ ಸಾಯುವಂತಾದಾಗ ಗೋಡೆಯ ಕಡೆಗೆ ತಿರುಗಿ ಅಳುತ್ತಾ ಪ್ರಾರ್ಥಿಸಿದನು. ಪ್ರವಾದಿಯಾದ ಯೆಶಾಯನು ಅಂಜೂರದ ಉಂಡೆಯನ್ನು ಹುಣ್ಣಿಗೆ ಹಚ್ಚಹೇಳಿದಾಗ ಅದನ್ನು ಬೇಡವೆನ್ನಲಿಲ್ಲ. ಪ್ರಾರ್ಥಿಸಿದನು, ಮದ್ದನ್ನು ಹಚ್ಚಿಸಿಕೊಂಡನು, ಪೂಜೆಗೊಂಡ ವಸ್ತುವನ್ನು ಒಡೆದನು. ಈ ಮೂರೂ ಒಬ್ಬನ ಕೈಯಿಂದಲೇ ಆದವು. ಅಜ್ಜಿಯರ ಜ್ಞಾನವನ್ನೆಲ್ಲಾ ಬಿಸಾಡಬೇಕೆಂದು ನಾವು ಹೇಳುವದಿಲ್ಲ. ಅದನ್ನು ಪರಿಶೋಧಿಸದೆ ಧೂಪಹಾಕಬಾರದೆಂದೇ ಹೇಳುತ್ತೇವೆ.

ಹಾಗಾದರೆ ಹಲ್ಲು ಬರುವ ಕೂಸಿಗೆ ಮಾಡತಕ್ಕದ್ದೇನು? ಕೈಯನ್ನು ಸಾಬೂನಿನಿಂದ ತೊಳೆದು ಬೆರಳಿನಿಂದ ಒಸಡನ್ನು ಮೆಲ್ಲಗೆ ಒತ್ತಿರಿ. ಶುದ್ಧವಾದ ಬಟ್ಟೆಯನ್ನು ಕಾಯಿಸಿ ಆರಿಸಿದ ತಣ್ಣೀರಿನಲ್ಲಿ ನೆನಸಿ, ಹತ್ತಿರವೇ ಇದ್ದು ಕಚ್ಚಲು ಕೊಡಿರಿ. ಜೊಲ್ಲನ್ನು ಆಗಾಗ್ಗೆ ಒರಸಿರಿ. ಮೊಲೆಹಾಲನ್ನು ನಿಲ್ಲಿಸಬೇಡಿರಿ. ಎತ್ತಿಕೊಂಡು ತಿರುಗಾಡಿಸಿರಿ; ಎಂಟು ದಿವಸ ತಾಳ್ಮೆಯುಳ್ಳ ಹೆಗಲೇ ದೊಡ್ಡ ಔಷಧವು. ಕೊರಳಿಗೆ ಏನನ್ನೂ ಕಟ್ಟಬೇಡಿರಿ. ನೋವಿನ ಔಷಧವು ಬೇಕೆಂದು ತೋರಿದರೆ, ಕೂಸಿನ ತೂಕ ನೋಡಿ ವೈದ್ಯರು ಹೇಳಿದಷ್ಟನ್ನೇ ಕೊಡಿರಿ.

ಮೈಕಾವು 100.4 ಡಿಗ್ರಿಗೆ ಏರಿದರೆ, ಪದೇಪದೇ ಭೇದಿಯಾದರೆ, ಕೂಸು ಹಾಲು ಕುಡಿಯದಿದ್ದರೆ, ಕಣ್ಣು ಗುಳಿಬಿದ್ದರೆ, ಉಸಿರಾಟ ಜೋರಾದರೆ, ಮಂಕಾಗಿ ಮಲಗಿದ್ದರೆ, ಸೆಳವು ಬಂದರೆ, ಅದು ಹಲ್ಲಲ್ಲವೆಂದು ತಿಳಿದು ಆಸ್ಪತ್ರೆಗೆ ಹೊರಡಿರಿ. 108ಕ್ಕೆ ಫೋನು ಮಾಡಿರಿ. ಭೇದಿಯಾಗುವಾಗ ಆಶಾ ಕಾರ್ಯಕರ್ತೆಯಿಂದಾಗಲಿ ಸರಕಾರಿ ಆಸ್ಪತ್ರೆಯಿಂದಾಗಲಿ ಓ.ಆರ್.ಎಸ್. ಪೊಟ್ಟಣವನ್ನು ತಂದು, ಒಂದು ಲೀಟರಿನ ಪೊಟ್ಟಣವನ್ನು ಕಾಯಿಸಿ ಆರಿಸಿದ ಒಂದು ಲೀಟರು ನೀರಿನಲ್ಲಿ ಪೂರ್ತಿಯಾಗಿ ಕರಗಿಸಿ, ಚಮಚೆಯಿಂದ ಸ್ವಲ್ಪ ಸ್ವಲ್ಪವಾಗಿ ಕುಡಿಸಿರಿ, ದಾರಿಯಲ್ಲಿಯೂ ನಿಲ್ಲಿಸಬೇಡಿರಿ. ಜಿಂಕ್ ಮಾತ್ರೆಯನ್ನು ಭೇದಿ ನಿಂತರೂ ಹದಿನಾಲ್ಕು ದಿವಸ, ಅವರು ಹೇಳಿದ ಅಳತೆಯಲ್ಲಿ ಕೊಡಿರಿ.

ನಾಲಿಗೆಯ ವಿಷಯದಲ್ಲಿ ಒಂದು ನಿಯಮವನ್ನು ನಾವೇ ಮೊದಲು ಕೈಕೊಂಡಿದ್ದೇವೆ. ಸಭೆಗಳವರೂ ಕೈಕೊಳ್ಳಬೇಕೆಂದು ಕೇಳಿಕೊಳ್ಳುತ್ತೇವೆ. "ಇದರಿಂದ ಗುಣವಾಯಿತು" ಎನ್ನುವ ಮುಂಚೆ, "ಇದಿಲ್ಲದೆ ಗುಣವಾಗುತ್ತಿರಲಿಲ್ಲವೆಂದು ನಾನು ಬಲ್ಲೆನೋ?" ಎಂದು ನಮ್ಮನ್ನು ನಾವೇ ಕೇಳಿಕೊಳ್ಳೋಣ. ಬಲ್ಲೆನೆಂದು ಹೇಳಲಾರದಿದ್ದರೆ ಕಂಡಷ್ಟನ್ನೇ ಹೇಳೋಣ. ಬಲ್ಲವರಾದರೆ, ಹಿರಿಯರ ಮುಂದೆಯೂ ವಿನಯದಿಂದ ಬಾಯಿ ತೆರೆಯೋಣ.

ಆ ಅಜ್ಜಿಯ ಬಳಿಗೆ ನಾವು ತಡವಾಗಿಯಾದರೂ ಹೋಗಿ ನಮ್ಮ ಮೌನವನ್ನು ಅರಿಕೆಮಾಡಿದೆವು. ಅವಳು ಬಹಳ ಹೊತ್ತು ಸುಮ್ಮನಿದ್ದು, "ಅಂದೇ ಯಾಕೆ ಹೇಳಲಿಲ್ಲ?" ಎಂದು ಮಾತ್ರ ಕೇಳಿದಳು. ನಮಗೆ ಉತ್ತರವಿರಲಿಲ್ಲ. ಅಂಥ ಪ್ರಶ್ನೆಯನ್ನು ಸಭೆಯ ಯಾವ ತಾಯಿಯೂ ನಮ್ಮಲ್ಲಿ ಯಾರನ್ನೂ ಇನ್ನು ಕೇಳದಂತೆ ಕರ್ತನು ನಮ್ಮ ತುಟಿಗಳನ್ನು ತೆರೆಯಲಿ.